ಕಾಂಡ ಕೊರಕಕ್ಕೆ ಯಾವ ಕಣಜ? ಕಾರ್ಡು ಕಟ್ಟುವ ಮೊದಲು ಇಷ್ಟು ನೋಡಿ

ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದ ಪಡದ (ದ್ರಾಕ್ಷಿ ತೋಟದ) ಕಾಕಾ ಬಳ್ಳಿಗಳಿಗೆ ಏನೋ ಕಾಗದದ ಪಟ್ಟಿ ಕಟ್ಟುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಟ್ರೈಕೊಗ್ರಾಮಾ ಕಾರ್ಡು.

"ಏನ್ರೀ ಕಾಕಾ, ಇದು ಕಬ್ಬಿಂದಲ್ಲೇನ್ರೀ?"

"ಹೌದಪಾ. ಮುಧೋಳದಾಗ ನಮ್ಮ ಬೀಗರ ಕಬ್ಬಿಗೆ ಚಲೋ ಕೆಲಸ ಮಾಡೇತಿ. ಅಲ್ಲೂ ಕೊರಕ, ಇಲ್ಲೂ ಕೊರಕ. ಅಂಗಡ್ಯಾಂವನೂ ನಡೀತೈತಿ ಅಂದ."

ಕಬ್ಬಿನ ಮಾತು ಸರಿ. ಟ್ರೈಕೊಗ್ರಾಮಾ ಅಂದರೆ ಸುಮಾರು ಅರ್ಧ ಮಿಲಿಮೀಟರ್ ಉದ್ದದ ಕಣಜ. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಪತಂಗದ ಮರಿ ಹುಟ್ಟುವ ಜಾಗದಲ್ಲಿ ಕಣಜ ಹುಟ್ಟುತ್ತದೆ. ಕಬ್ಬಿನ ಸುಳಿ ಕೊರಕ ಪತಂಗದ ಜಾತಿ. ಎಲೆಯ ಮೇಲೆ ಬಯಲಲ್ಲೇ ಮೊಟ್ಟೆ ಇಡುತ್ತದೆ. ಹಾಗಾಗಿ ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿಗೆ ಈ ಕಾರ್ಡು ಹೊಂದುತ್ತದೆ. ಆದರೆ ನಮ್ಮ ತಿಕೋಟಾ ಕಡೆ ದ್ರಾಕ್ಷಿಯ ಬುಡ ಪೊಳ್ಳು ಮಾಡುವುದು ದುಂಬಿ. ಅದು ತೊಗಟೆ ಕಚ್ಚಿ, ಸೀಳಿನೊಳಗೆ ಮೊಟ್ಟೆ ತುರುಕುತ್ತದೆ. ಎಲೆಯ ಮೇಲಿನ ಮೊಟ್ಟೆ ಹುಡುಕುವ ಕಣಜ ಅಲ್ಲಿ ಏನು ಮಾಡೀತು? ಒಂದು ಕಾರ್ಡಿನಲ್ಲಿ ಈ ಕಣಜದ ಮರಿ ಒಳಗಿರುವ ಪತಂಗದ ಮೊಟ್ಟೆಗಳು ಸುಮಾರು 20,000 ಇರುತ್ತವೆ. ಅಷ್ಟೂ ದಂಡ.

ಅವತ್ತು ಬದುವಿನ ಮೇಲೆ ಕೂತು ಕಾಕಾಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಮರ ಕೊರೆಯುವ ದುಂಬಿಗೆ ಬೀಳುವ ಪರತಂತ್ರ ಕಣಜಗಳು, ಅಂದರೆ ಬೇರೆ ಹುಳದ ಮೇಲೆ ತಮ್ಮ ಮರಿ ಬೆಳೆಸುವ ಕಣಜಗಳು, ಬೇರೆಯೇ ಇವೆ. ಅವುಗಳಲ್ಲೂ ಹಲವು ಬಗೆ. ಯಾವುದು ನಮ್ಮ ಗಿಡಕ್ಕೆ ಆದೀತು ಅನ್ನುವುದನ್ನು ಎರಡೇ ಸಂಗತಿ ತೀರ್ಮಾನಿಸುತ್ತವೆ. ಹುಳ ಈಗ ಯಾವ ಹಂತದಲ್ಲಿದೆ? ಅದರ ಮೇಲೆ ಎಷ್ಟು ದಪ್ಪ ಕಟ್ಟಿಗೆ ಇದೆ?

ಮೊದಲು ಹುಡಿ ನೋಡಿ

ಕಣಜದ ಮಾತಿಗೆ ಮುಂಚೆ ಕೊರೆಯುತ್ತಿರುವುದು ದುಂಬಿಯೋ ಪತಂಗವೋ ಗೊತ್ತಾಗಬೇಕು. ಇದಕ್ಕೆ ಲ್ಯಾಬ್ ಬೇಡ, ಬುಡದಲ್ಲಿ ಬಿದ್ದ ಹುಡಿ ಸಾಕು.

ದಾಳಿಂಬೆಯ ಕಾಂಡದ ಮೇಲೆ ಹಿಕ್ಕೆಯನ್ನು ನೂಲಿನಲ್ಲಿ ಹೆಣೆದಂಥ ಪಟ್ಟಿ ಇದ್ದರೆ ಅದು ತೊಗಟೆ ತಿನ್ನುವ ಹುಳ. ಪತಂಗದ ಜಾತಿ. ಗಂಧದ ಗಿಡದ ಕೆಳಗೆ ಕಾಳಿನಂತೆ ಗುಂಡಗಿನ ಹಿಕ್ಕೆ ಉದುರಿದ್ದರೆ ಕೆಂಪು ಕಾಂಡ ಕೊರಕ. ಅದೂ ಪತಂಗವೇ. ನಾರು ನಾರಾಗಿ, ಬಡಗಿ ಉಳಿಯಿಂದ ಕೆತ್ತಿದ ಹಾಗೆ ಹುಡಿ ಬಿದ್ದಿದ್ದರೆ ಉದ್ದ ಮೀಸೆಯ ದುಂಬಿಯ ಮರಿ ಒಳಗಿದೆ. ಗುಂಡುಸೂಜಿ ತೂರುವಷ್ಟು ಸಣ್ಣ ತೂತುಗಳು ಹತ್ತಾರು ಇದ್ದರೆ ಗುಂಡಿನ ತೂತಿನ ದುಂಬಿ. ಬಾಗಲಕೋಟೆ ಕಡೆ ದಾಳಿಂಬೆ ಬೆಳೆಯುವವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಗಿಡ ಒಣಗಲು ಶುರುವಾದ ಮೇಲೇ ಬಹಳ ಮಂದಿ ತೂತು ನೋಡುವುದು.

ಇನ್ನೂ ಅನುಮಾನ ಇದ್ದರೆ ಒಣಗಿದ ಕೊಂಬೆ ಸೀಳಿ. ಪತಂಗದ ಮರಿಗೆ ಎದೆಯ ಹತ್ತಿರ ಮೂರು ಜೊತೆ ಕಾಲು, ಹೊಟ್ಟೆಯ ಕೆಳಗೂ ಗುಜ್ಜು ಕಾಲು ಇರುತ್ತವೆ. ಉದ್ದ ಮೀಸೆ ದುಂಬಿಯ ಮರಿಗೆ ಕಾಲು ಇಲ್ಲ ಅಂತಲೇ ಹೇಳಬೇಕು. ಮುಂದೆ ದಪ್ಪ, ಹಿಂದೆ ಸಣ್ಣ. ತಲೆ ಮೈಯೊಳಗೆ ಹುದುಗಿ ಬರೀ ದವಡೆ ಹೊರಗೆ ಕಾಣುತ್ತದೆ.

ನೆಲದೊಳಗೆ ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳವೂ ದುಂಬಿಯ ಮರಿಯೇ. ಆದರೆ ಅದರ ಕಣಜಗಳು ಮಣ್ಣು ಅಗೆಯುವಂಥವು. ಆ ಕಥೆ ಬೇರೆ, ಇಲ್ಲಿ ಬೇಡ.

ಮೊಟ್ಟೆಯಲ್ಲೇ ಮುಗಿಸುವ ಕಣಜ

ಹುಳ ಒಳಗೆ ಹೋಗುವ ಮೊದಲೇ ಮುಗಿಸಿಬಿಟ್ಟರೆ ಅದಕ್ಕಿಂತ ಒಳ್ಳೆಯದು ಏನಿದೆ? ಗಿಡಕ್ಕೆ ಒಂದು ಗೀರೂ ಬೀಳುವುದಿಲ್ಲ. ಹಾಗಾಗಿ ಯಾರನ್ನು ಕೇಳಿದರೂ ಮೊದಲು ಆಸೆ ಹುಟ್ಟುವುದು ಮೊಟ್ಟೆಯ ಕಣಜದ ಮೇಲೆ.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯಾದ್ದು. 1980ರ ದಶಕದಲ್ಲಿ ಅಲ್ಲಿನ ನೀಲಗಿರಿ ಮರಗಳಿಗೆ ಆಸ್ಟ್ರೇಲಿಯಾ ಮೂಲದ ಉದ್ದ ಮೀಸೆ ದುಂಬಿ ಫೊರಕಾಂಥಾ ಸೆಮಿಪಂಕ್ಟೇಟಾ ಬಿತ್ತು. 1990ರ ದಶಕದಲ್ಲಿ ಆಸ್ಟ್ರೇಲಿಯಾದಿಂದಲೇ ಅವೆಟಿಯನೆಲ್ಲಾ ಲಾಂಗೋಯ್ ಎಂಬ ಮೊಟ್ಟೆ ಕಣಜ ತಂದು ಬಿಟ್ಟರು. ದುಂಬಿ ಹತೋಟಿಗೆ ಬಂತು. ಅಷ್ಟರಲ್ಲಿ ಅದೇ ಕುಲದ ಇನ್ನೊಂದು ದುಂಬಿ, ಫೊರಕಾಂಥಾ ರಿಕರ್ವಾ ಬಂದು ಸೇರಿಕೊಂಡಿತು. ನೋಡಲು ಅಣ್ಣ ತಮ್ಮ ಇದ್ದ ಹಾಗೆ. ಕಣಜಕ್ಕೆ ಮಾತ್ರ ಅದರ ಮೊಟ್ಟೆ ಅಷ್ಟು ಒಗ್ಗಲಿಲ್ಲ. ಒಂದು ಕಡಿಮೆ ಆದಂತೆ ಇನ್ನೊಂದು ಜಾಸ್ತಿ ಆಯಿತು. ಒಂದೇ ಕುಲದ ಎರಡು ದುಂಬಿಗಳ ನಡುವೆಯೇ ಇಷ್ಟು ವ್ಯತ್ಯಾಸ ಇದ್ದರೆ, ಕಬ್ಬಿನ ಪತಂಗದ ಕಾರ್ಡು ದ್ರಾಕ್ಷಿಯ ದುಂಬಿಗೆ ಬಂದೀತೆ?

ಮೊಟ್ಟೆ ಕಣಜಕ್ಕೆ ಇನ್ನೊಂದು ತೊಡಕು ಇದೆ. ದುಂಬಿಯ ಮೊಟ್ಟೆ ಮೊಟ್ಟೆಯಾಗಿ ಇರುವುದು ಕೆಲವೇ ದಿನ. ಆ ದಿನಗಳಲ್ಲೇ ಕಣಜ ಅಲ್ಲಿರಬೇಕು. ತಡವಾದರೆ ಮುಗಿಯಿತು, ಆ ಮೊಟ್ಟೆ ಕೈತಪ್ಪಿದ ಹಾಗೇ.

ಸೂಜಿ ಕಣಜ

ನನಗೆ ಎಲ್ಲಕ್ಕಿಂತ ಸೋಜಿಗ ಅನಿಸುವುದು ಇದು. ಹೆಣ್ಣು ಕಣಜದ ಹಿಂದೆ ಉದ್ದ ಬಾಲದಂಥದ್ದು ಇರುತ್ತದೆ. ಬಾಲ ಅಲ್ಲ, ಮೊಟ್ಟೆ ಇಡುವ ಸೂಜಿ. ಮೊಬೈಲಿನಲ್ಲಿ ಇದರ ಫೋಟೊ ಬಂದರೆ "ಅತಿ ವಿಷದ ಹುಳ, ಕಚ್ಚಿದರೆ ಸಾವು" ಅಂತ ಬರೆದು ಕಳಿಸುವವರು ಇದ್ದಾರೆ. ಸುಮ್ನೆ ಹೆದರಿಸುವುದು. ಅದರ ಕಣ್ಣು ನಿಮ್ಮ ಮೇಲೆ ಇರುವುದಿಲ್ಲ, ಕಟ್ಟಿಗೆಯ ಮೇಲೆ ಇರುತ್ತದೆ.

ಕಾಂಡದ ಒಳಗೆ ಮರಿಹುಳ ಕಚ್ಚಿ ತಿನ್ನುವಾಗ ಕಟ್ಟಿಗೆ ಸಣ್ಣಗೆ ನಡುಗುತ್ತದೆ. ಕಣಜ ಆ ನಡುಕವನ್ನು ಕಾಲಿನಿಂದ ಹಿಡಿಯುತ್ತದೆ. ಕೆಲವು ಜಾತಿಯವು ಮೀಸೆಯ ತುದಿಯಿಂದ ಕಟ್ಟಿಗೆಯನ್ನು ಕುಟ್ಟಿ, ವಾಪಸ್ ಬರುವ ನಡುಕದ ಮೇಲೆ ಒಳಗೆ ಪೊಳ್ಳು ಎಲ್ಲಿದೆ ಅಂತ ತಿಳಿಯುತ್ತವೆ. ಸಂತೆಯಲ್ಲಿ ಕಲ್ಲಂಗಡಿ ಬಡಿದು ನೋಡುತ್ತೇವಲ್ಲ, ಹಾಗೆ. ಆಮೇಲೆ ಸೂಜಿ ಇಳಿಸುವುದು. ಅದು ಬೈರಿಗೆಯ ಹಾಗೆ ತಿರುಗುವುದಿಲ್ಲ. ಸೂಜಿಯಲ್ಲಿ ಒಂದಕ್ಕೊಂದು ಜೋಡಿಸಿದ ಮೂರು ತುಂಡು ಇರುತ್ತವೆ. ಒಂದು ಮುಂದೆ, ಒಂದು ಹಿಂದೆ ಅಂತ ಜಾರುತ್ತಾ ಕಟ್ಟಿಗೆಯೊಳಗೆ ಇಳಿಯುತ್ತದೆ. ಹಲವು ಜಾತಿಗಳಲ್ಲಿ ಸೂಜಿಯ ತುದಿಗೆ ಸತು ಅಥವಾ ಮ್ಯಾಂಗನೀಸ್ ಸೇರಿ ಗಟ್ಟಿಯಾಗಿರುತ್ತದೆ. ನಮ್ಮ ದಬ್ಬಣಕ್ಕೆ ಉಕ್ಕಿನ ಮೊನೆ ಇರುವ ಹಾಗೆ ಅನ್ನಿ.

ಸೂಜಿ ಹುಳಕ್ಕೆ ತಾಗಿದರೆ ಮೊದಲು ವಿಷ, ಆಮೇಲೆ ಮೊಟ್ಟೆ. ಹುಳ ಸಾಯುವುದಿಲ್ಲ, ಮರಗಟ್ಟುತ್ತದೆ. ಕಣಜದ ಮರಿ ಹೊರಗಿನಿಂದ ಅದನ್ನು ತಿಂದು ಬೆಳೆಯುತ್ತದೆ. ರೈತನ ಲೆಕ್ಕದಲ್ಲಿ ಇದು ದೊಡ್ಡ ಗುಣ. ಸೂಜಿ ಚುಚ್ಚಿದ ಕ್ಷಣದಿಂದ ಕೊರೆತ ನಿಲ್ಲುತ್ತದೆ. ಹುಳದ ಮೈಯೊಳಗೆ ಮೊಟ್ಟೆ ಇಡುವ ಬೇರೆ ಕಣಜಗಳಿವೆ. ಅವುಗಳಲ್ಲಿ ಹುಳ ಇನ್ನೂ ಕೆಲವು ದಿನ ತಿನ್ನುತ್ತಲೇ ಇದ್ದು ಆಮೇಲೆ ಸಾಯುತ್ತದೆ.

ಮಿತಿ ಎಂದರೆ ಸೂಜಿಯ ಉದ್ದ. ಇದನ್ನು ಅಮೆರಿಕದವರು ಹಣ ಕೊಟ್ಟು ಕಲಿತರು. 2002ರಲ್ಲಿ ಮಿಶಿಗನ್ ರಾಜ್ಯದಲ್ಲಿ ಪೂರ್ವ ಏಷ್ಯಾದ ಹಸಿರು ಬಣ್ಣದ ದುಂಬಿಯೊಂದು ಆಶ್ ಮರಗಳಲ್ಲಿ ಸಿಕ್ಕಿತು. ಕೋಟಿಗಟ್ಟಲೆ ಮರ ಒಣಗಿದವು. 2007ರಿಂದ ಚೀನಾದ ಮೂರು ಕಣಜ ತಂದು ಬಿಟ್ಟರು. ಒಂದು ಮೊಟ್ಟೆಗೆ ಬೀಳುವ ಊಬಿಯಸ್. ಎರಡನೆಯದು ಹುಳದ ಮೈಯೊಳಗೆ ಮೊಟ್ಟೆ ಇಡುವ ಟೆಟ್ರಾಸ್ಟೈಕಸ್. ಮೂರನೆಯದು ಹೊರಗಿನಿಂದ ತಿನ್ನುವ ಸ್ಪಾಥಿಯಸ್. ಟೆಟ್ರಾಸ್ಟೈಕಸ್ ಚೆನ್ನಾಗಿ ನೆಲೆ ನಿಂತಿತು. ಆದರೆ ಅದರ ಸೂಜಿ ಗಿಡ್ಡ. ತೊಗಟೆ 3 ಮಿ.ಮೀ.ಗಿಂತ ಸ್ವಲ್ಪ ಹೆಚ್ಚಾದರೂ ಹುಳ ಸಿಗುವುದಿಲ್ಲ. ಹಾಗಾಗಿ ಸುಮಾರು 12 ಸೆಂ.ಮೀ. ದಪ್ಪದವರೆಗಿನ ಎಳೆ ಮರಗಳು ಉಳಿದವು, ದೊಡ್ಡ ಮರಗಳಲ್ಲಿ ಹುಳ ಆರಾಮಾಗಿ ಕೂತಿತು. ಕೊನೆಗೆ 2015ರಲ್ಲಿ ಸೂಜಿ ಉದ್ದ ಇರುವ, ಚಳಿ ತಡೆಯುವ ಇನ್ನೊಂದು ಸ್ಪಾಥಿಯಸ್ ಜಾತಿಯನ್ನು ರಷ್ಯಾದ ಪೂರ್ವ ತುದಿಯಿಂದ ತರಬೇಕಾಯಿತು. 2021ರ ಜನವರಿಯಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಆ ದುಂಬಿಯ ಮೇಲಿನ ಸಾಗಾಟ ನಿರ್ಬಂಧವನ್ನೇ ತೆಗೆದು, ಕಣಜಗಳ ಕೆಲಸಕ್ಕೆ ಹೆಚ್ಚು ಒತ್ತು ಕೊಟ್ಟಿತು.

ಅದು ಅವರ ಮರ, ಅವರ ದುಂಬಿ. ಆ ಕಣಜಗಳನ್ನು ಇಲ್ಲಿ ತರಿಸಿಕೊಳ್ಳುವ ಯೋಚನೆ ಬೇಡ. ಹೊರದೇಶದ ಯಾವುದೇ ಜೀವಂತ ಕೀಟ ತರಲು ಕೇಂದ್ರದ ಪರವಾನಗಿ ಬೇಕು, ಅದು ಸರಿಯೂ ಹೌದು. ನಮಗೆ ಅಲ್ಲಿಂದ ತರಬೇಕಾದ್ದು ತೊಗಟೆ ಅಳೆಯುವ ಬುದ್ಧಿ ಅಷ್ಟೇ.

ನಡೆದು ಒಳಗೆ ಹೋಗುವ ಕಣಜ

ಸೂಜಿ ಗಿಡ್ಡ ಇದ್ದರೆ ಏನು ಮಾಡಬೇಕು? ಬಾಗಿಲಿನಿಂದಲೇ ಒಳಗೆ ಹೋಗಬೇಕು. ಸ್ಕ್ಲೆರೊಡರ್ಮಸ್ ಕಣಜ ಮಾಡುವುದು ಅದನ್ನೇ. ಹೆಣ್ಣಿಗೆ ಬಹುಪಾಲು ರೆಕ್ಕೆ ಇರುವುದಿಲ್ಲ. ಮೂರು ನಾಲ್ಕು ಮಿ.ಮೀ. ಉದ್ದ, ಚಪ್ಪಟೆ ಮೈ. ಯಾರು ನೋಡಿದರೂ ಇರುವೆ ಅನ್ನುತ್ತಾರೆ. ಬಿರುಕು, ಹಳೆ ತೂತು, ಹುಡಿ ತುಂಬಿದ ಸುರಂಗ, ಎಲ್ಲಿ ಸಂದು ಸಿಕ್ಕರೂ ನುಸುಳುತ್ತದೆ. ತನಗಿಂತ ಎಷ್ಟೋ ಪಟ್ಟು ದೊಡ್ಡ ಹುಳವನ್ನು ಮತ್ತೆ ಮತ್ತೆ ಚುಚ್ಚಿ ಮರಗಟ್ಟಿಸುತ್ತದೆ. ಅದರ ಮೈ ಮೇಲೆ ಸಾಲಾಗಿ ಮೊಟ್ಟೆ ಇಡುತ್ತದೆ. ಆಮೇಲೆ ಓಡಿ ಹೋಗುವುದಿಲ್ಲ. ಮರಿ ದೊಡ್ಡದಾಗುವವರೆಗೂ ಅಲ್ಲೇ ಕಾವಲು ಇರುತ್ತದೆ. ಪರತಂತ್ರ ಕಣಜಗಳ ಪೈಕಿ ಇಂಥ ತಾಯ್ತನ ಅಪರೂಪ.

ಚೀನಾದಲ್ಲಿ ಇದನ್ನು ಸಾಕಿ ಕಾಡಿಗೆ ಬಿಡುತ್ತಾರೆ. ಪೈನ್ ಮರಗಳಿಗೆ ರೋಗ ಹರಡುವ ಉದ್ದ ಮೀಸೆ ದುಂಬಿಯ ಮೇಲೆ ಇದು ಅವರ ದೊಡ್ಡ ಅಸ್ತ್ರ. ಹಿಟ್ಟಿನ ಹುಳದ ಕೋಶಗಳ ಮೇಲೆ ಕಣಜ ಬೆಳೆಸಿ, ಸಣ್ಣ ಗಾಜಿನ ಕೊಳವೆಗೆ ತುಂಬಿ, ಬಾಯಿಗೆ ಹತ್ತಿ ಇಟ್ಟು ಮರದ ಹತ್ತಿರ ಒಯ್ದು ತೆರೆಯುತ್ತಾರೆ. ರೆಕ್ಕೆ ಇಲ್ಲದ್ದರಿಂದ ಹಾರಿ ಪಕ್ಕದ ಊರಿಗೆ ಹೋಗುವ ಭಯ ಇಲ್ಲ. ಅದೇ ಅದರ ದೌರ್ಬಲ್ಯವೂ ಹೌದು. ನಡೆದಷ್ಟೇ ದೂರ ಅದರ ರಾಜ್ಯ. ಎಕರೆಗಟ್ಟಲೆ ಪಡಕ್ಕೆ ಬಿಡಬೇಕಾದರೆ ಬಳ್ಳಿ ಬಳ್ಳಿಗೂ ಕೊಳವೆ ಇಡಬೇಕಾಗುತ್ತದೆ.

ಹುಳ ತೀರಾ ದೊಡ್ಡದಾಗಿದ್ದರೆ ಈ ಕಣಜವೂ ಸೋಲುತ್ತದೆ. ಅಲ್ಲಿ ಚೀನಾದವರು ಕಣಜದ ಬದಲು ಡಾಸ್ಟಾರ್ಕಸ್ ಎಂಬ ದುಂಬಿಯನ್ನೇ ಬಳಸುತ್ತಾರೆ. ದುಂಬಿಯ ಮೇಲೆ ದುಂಬಿ! ಅದರ ಎಳೆ ಮರಿ ಕಾಲಿನಿಂದ ನಡೆದು ಹೋಗಿ ಕೊರಕದ ಮರಿಗೆ ಅಂಟಿಕೊಳ್ಳುತ್ತದೆ.

ಈಗ ನಿಮ್ಮ ಗಿಡದ ಲೆಕ್ಕ

ದ್ರಾಕ್ಷಿ ಪಡದಲ್ಲಿ ನಾವು ಜಾಸ್ತಿ ನೋಡುವುದು ಸೆಲೊಸ್ಟರ್ನಾ ಎಂಬ ಉದ್ದ ಮೀಸೆ ದುಂಬಿ. ಮೂಲತಃ ಇದು ಜಾಲಿ ಮರದ ಹುಳ. ಬದುವಿನ ಮೇಲಿನ ಕರಿಜಾಲಿಯಿಂದ ಪಡಕ್ಕೆ ಇಳಿಯುತ್ತದೆ. ಮುಂಗಾರು ಬಿದ್ದ ಮೇಲೆ, ಜೂನ್‌ನಿಂದ ಆಗಸ್ಟ್‌ವರೆಗೆ ದುಂಬಿ ಹೊರಬಂದು ಎಳೆ ಕಾಂಡದ ತೊಗಟೆ ಕೆರೆದು ತಿನ್ನುತ್ತದೆ, ಬುಡದ ಕಡೆ ಮೊಟ್ಟೆ ಇಡುತ್ತದೆ. ಮರಿ ಮೊದಲು ತೊಗಟೆಯ ಕೆಳಗೇ ಇರುತ್ತದೆ. ಆಮೇಲೆ ನಡುಗಟ್ಟಿಗೆಗೆ ಇಳಿದು ವರ್ಷಪೂರ್ತಿ ಕೊರೆಯುತ್ತದೆ.

ಹಾಗಾದರೆ ಕಣಜಕ್ಕೆ ಸಿಗುವ ಅವಕಾಶ ಎಷ್ಟು? ಮಳೆಗಾಲದಲ್ಲಿ ಮೊಟ್ಟೆ ಇರುವ ಕೆಲವು ದಿನ, ಆಮೇಲೆ ಮರಿ ತೊಗಟೆಯ ಕೆಳಗಿರುವ ಕೆಲವು ವಾರ. ದ್ರಾಕ್ಷಿಯ ತೊಗಟೆ ತೆಳು, ಎಳೆ ಎಳೆಯಾಗಿ ಸುಲಿಯುವಂಥದ್ದು. ಸೂಜಿ ಕಣಜಕ್ಕೆ ಇಷ್ಟು ಸುಲಭದ ಜಾಗ ಬೇರೆ ಇಲ್ಲ. ಆದ್ದರಿಂದ ದ್ರಾಕ್ಷಿಗೆ ನನ್ನ ಆಯ್ಕೆ ಸೂಜಿ ಕಣಜವೇ. ಕಪ್ಪು ರೆಕ್ಕೆ, ಕೆಂಪು ಮೈ, ಹಿಂದೆ ಕರಿ ದಾರದಂಥ ಸೂಜಿ ಇರುವ ಬ್ರಾಕೊನಿಡ್ ಕಣಜಗಳು ನಮ್ಮ ಬದುಗಳಲ್ಲೇ ಇವೆ. ಬೆಳಗಿನ ಬಿಸಿಲಿಗೆ ಜಾಲಿಯ ಒಣ ಕೊಂಬೆ ಮೇಲೆ ಓಡಾಡುತ್ತಿರುತ್ತವೆ. ದುಡ್ಡು ಕೊಟ್ಟು ತರುವಂಥದ್ದಲ್ಲ, ಇದ್ದದ್ದನ್ನು ಉಳಿಸಿಕೊಳ್ಳುವಂಥದ್ದು.

ಉಳಿಸಿಕೊಳ್ಳುವುದು ಕಷ್ಟ, ಯಾಕೆಂದರೆ ಕಣಜದ ಹಂಗಾಮು ಮತ್ತು ನಮ್ಮ ಸಿಂಪರಣೆಯ ಹಂಗಾಮು ಒಂದರ ಮೇಲೊಂದು ಬೀಳುತ್ತವೆ. ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವಿಕೆಯ) ಚಿಗುರು ಮಳೆಗಾಲದಲ್ಲಿ ಬಲಿಯುತ್ತಿರುತ್ತದೆ. ಆಮೇಲೆ ಅಕ್ಟೋಬರ್ ಚಾಟ್ನಿ ಬಂತೆಂದರೆ ಪಂಪು ನಿಲ್ಲುವುದೇ ಇಲ್ಲ. ಬೂದಿ ರೋಗಕ್ಕೆ ಹಾಕುವ ಗಂಧಕ ಕೂಡ ಸಣ್ಣ ಕಣಜಗಳಿಗೆ ಒಗ್ಗುವುದಿಲ್ಲ. ಗಂಧಕ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಕಾಕಾ ನನ್ನನ್ನು ಪಡದಿಂದ ಹೊರಗೆ ಹಾಕಿಯಾರು. ಆದರೆ ಪೈರೆಥ್ರಾಯ್ಡ್ ಗುಂಪಿನ, ಕಂಡ ಹುಳವನ್ನೆಲ್ಲ ಕೊಲ್ಲುವ ಔಷಧವನ್ನು ಜುಲೈನಿಂದ ಸೆಪ್ಟೆಂಬರ್‌ವರೆಗೆ ಬುಡಕ್ಕೂ ಬದುವಿಗೂ ಹೊಡೆಯುವುದನ್ನಾದರೂ ಬಿಡಬಹುದು.

ಇನ್ನೊಂದು ಕೆಲಸ ಅಗ್ಗದ್ದು. ಬೆಳೆದ ಕಣಜಕ್ಕೆ ಹುಳ ಬೇಕಾಗಿರುವುದು ತನ್ನ ಮರಿಗಾಗಿ. ತಾನು ಕುಡಿಯುವುದು ಹೂವಿನ ಮಕರಂದ. ಅದರ ಬಾಯಿ ಗಿಡ್ಡ, ಆಳದ ಹೂವು ಆಗುವುದಿಲ್ಲ. ಸಬ್ಬಸಗಿ, ಕೊತ್ತಂಬರಿ, ಅಜಿವಾನದ ಕೊಡೆಯಂಥ ಹೂವು ಅದಕ್ಕೆ ಹೇಳಿ ಮಾಡಿಸಿದ್ದು. ಪಡದ ಅಂಚಿಗೆ ಎರಡು ಸಾಲು ಹಾಕಿ, ಒಂದಿಷ್ಟನ್ನು ಕೀಳದೆ ಹೂವಿಗೆ ಬಿಡಿ. ಮನೆಗೆ ಪಲ್ಯವೂ ಆಯಿತು.

ಬದುವಿನ ಜಾಲಿ ಕಡಿಯಬೇಕೇ ಎಂದು ಬಹಳ ಜನ ಕೇಳುತ್ತಾರೆ. ಒಣಗಿದ, ಪೊಳ್ಳಾದ ಮರ ಕಡಿಯಿರಿ. ಹಸಿರಾಗಿ ನಿಂತದ್ದನ್ನು ನಾನು ಕಡಿಯುವುದಿಲ್ಲ. ದುಂಬಿ ಇರುವ ಕಡೆಯೇ ಅದರ ಕಣಜವೂ ಇರುತ್ತದೆ.

ಪಡದಲ್ಲಿ ಇನ್ನೊಂದು ದುಂಬಿಯೂ ಉಂಟು, ಸ್ಟ್ರೊಮಾಟಿಯಮ್. ಸುಲಿದ ತೊಗಟೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ನುಣ್ಣಗೆ ಹುಡಿ ತುಂಬಿಕೊಂಡು ಕೂರುತ್ತದೆ, ಹೊರಗೆ ಏನೂ ಬೀಳುವುದಿಲ್ಲ. ಬಳ್ಳಿ ತಟ್ಟಿದಾಗ ಡಬ್ ಡಬ್ ಅಂದರೆ ಅನುಮಾನ ಪಡಿ. ಇದಕ್ಕೆ ಮಳೆಗೆ ಮುಂಚೆ ಸಡಿಲ ತೊಗಟೆ ಕಿತ್ತು ತೆಗೆಯುವುದೇ ಯಾವ ಕಣಜಕ್ಕಿಂತಲೂ ಮೇಲು. ಮೊಟ್ಟೆ ಇಡಲು ಜಾಗವೇ ಇಲ್ಲದಂತಾಗುತ್ತದೆ.

ಮಾವಿನ ಲೆಕ್ಕ ಬೇರೆ. ಹಳೆ ಮಾವಿನ ತೊಗಟೆ ಬೆರಳಿನಷ್ಟು ದಪ್ಪ. ಬ್ಯಾಟೊಸೆರಾ ದುಂಬಿಯ ಮರಿ ಬೆರಳಿಗಿಂತ ಉದ್ದ ಬೆಳೆದು ಆಳಕ್ಕೆ ಇಳಿಯುತ್ತದೆ. ಅಲ್ಲಿಗೆ ಸೂಜಿ ಮುಟ್ಟುವುದಿಲ್ಲ. ಮಾವಿನಲ್ಲಿ ಕಣಜವನ್ನು ನಂಬಿ ಕೂರಬೇಡಿ. ತೂತಿಗೆ ತಂತಿ ಹಾಕಿ ಹುಳ ಎಳೆಯಿರಿ.

ದಾಳಿಂಬೆಯ ಗುಂಡಿನ ತೂತಿನ ದುಂಬಿಗೂ ಕಣಜ ಆಯ್ಕೆಯಲ್ಲ. ಆ ದುಂಬಿ ಕಟ್ಟಿಗೆ ತಿನ್ನುವುದೇ ಇಲ್ಲ. ಸುರಂಗದಲ್ಲಿ ಬೂಷ್ಟು ಬೆಳೆಸಿ ಅದನ್ನು ತಿನ್ನುತ್ತದೆ, ಮರಿಗೂ ತಿನ್ನಿಸುತ್ತದೆ. ತಾಯಿ ಒಳಗೇ ಇರುತ್ತದೆ. ತೂತು ಎರಡು ಮಿಲಿಮೀಟರೂ ಇಲ್ಲ. ಕಣಜಕ್ಕೆ ದಾರಿ ಎಲ್ಲಿ? ಬಾಡಿದ ಗಿಡ ಕಿತ್ತು ಸುಡುವುದು, ಉಳಿದ ಗಿಡ ಸೊರಗದ ಹಾಗೆ ನೀರು ಗೊಬ್ಬರ ನೋಡುವುದು, ಅಷ್ಟೇ.

ಮನೆಯ ತೊಲೆಯಲ್ಲಿ ಕಣಜ ಕಂಡರೆ

ಬೆಳಗಾವಿಯ ಹಳೆ ವಾಡೆ ಇರಲಿ, ರಬಕವಿಯ ಮಗ್ಗದ ಮನೆ ಇರಲಿ, ಜಂತಿ ತೊಲೆಯಿಂದ ಹಿಟ್ಟಿನಂಥ ಹುಡಿ ಉದುರುವುದು ಹೊಸದಲ್ಲ. ಹುಡಿ ದುಂಬಿಯ ಕೆಲಸ. ಬಿದಿರಿನ ಬುಟ್ಟಿ ಏಣಿಗಳಲ್ಲೂ ಇದರ ಬಳಗವೇ.

ಹೊಲದಲ್ಲಿ ನಮ್ಮವನಾದ ಸ್ಕ್ಲೆರೊಡರ್ಮಸ್ ಇಲ್ಲಿ ಕಾಟ ಕೊಡುತ್ತಾನೆ. ತೊಲೆಯಲ್ಲಿ ದುಂಬಿ ಜಾಸ್ತಿ ಆದರೆ ಅದನ್ನು ಹುಡುಕಿ ಈ ಕಣಜ ಬರುತ್ತದೆ. ರಾತ್ರಿ ಹಾಸಿಗೆಗೆ ಬಿದ್ದು ಮನುಷ್ಯರನ್ನೂ ಚುಚ್ಚುತ್ತದೆ. ಮೈಮೇಲೆ ಕೆಂಪು ಗಂಧೆ ಏಳುತ್ತವೆ. ಜನ ತಿಗಣೆ ಅಂತ ಹಾಸಿಗೆ ಸುಡುತ್ತಾರೆ, ಇರುವೆ ಅಂತ ಪುಡಿ ಹಾಕುತ್ತಾರೆ. ಇರುವೆಯ ಸೊಂಟದಲ್ಲಿ ಗಂಟು ಇರುತ್ತದೆ, ಇದಕ್ಕೆ ಇಲ್ಲ. ಭೂತಗನ್ನಡಿ ಇದ್ದರೆ ಸಾಕು. ಹಾಗೇನಾದರೂ ಕಂಡರೆ ಮದ್ದು ಹಾಕಬೇಕಾದ್ದು ಕಟ್ಟಿಗೆಗೆ. ದುಂಬಿ ಹೋದರೆ ಕಣಜ ತಾನೇ ಹೋಗುತ್ತದೆ.

ಜರ್ಮನಿಯಲ್ಲಿ ಕೆಲವು ಚರ್ಚು, ಮ್ಯೂಸಿಯಮ್ಮುಗಳ ಹಳೆ ಕೆತ್ತನೆಗೆ ಔಷಧ ಬಳಿಯಲಾಗದೆ ಸ್ಪಾಥಿಯಸ್ ಕುಲದ ಕಣಜ ಬಿಡುತ್ತಾರೆ. ಅದು ಮನುಷ್ಯರನ್ನು ಚುಚ್ಚುವುದಿಲ್ಲ. ದುಂಬಿಯ ತೂತಿಗಿಂತ ತೀರಾ ಸಣ್ಣ ತೂತು ಮಾಡಿ ಹೊರಬರುತ್ತದೆ. ಹೊಸ ತೂತಿನ ಅಳತೆ ನೋಡಿಯೇ ಯಾರು ಗೆದ್ದರು ಅಂತ ಲೆಕ್ಕ ಹಾಕುತ್ತಾರಂತೆ.

ತಂತಿ, ಔಷಧ, ಜಂತು

ಕಣಜ ತಡೆಯುವುದು ಮುಂದಿನ ವರ್ಷದ ಹುಳವನ್ನು. ಈಗಾಗಲೇ ನಡುಗಟ್ಟಿಗೆಯಲ್ಲಿ ಕೂತ ಹುಳಕ್ಕೆ ಬೇರೆ ದಾರಿ ಬೇಕು. ಸೈಕಲ್ಲಿನ ತಂತಿಯ ತುದಿ ಕೊಕ್ಕೆ ಮಾಡಿ ತೂತಿಗೆ ಹಾಕಿ ಎಳೆಯುವುದು ಈಗಲೂ ಮೊದಲ ಮದ್ದು. ನಿಧಾನ, ಬೆನ್ನು ನೋಯುತ್ತದೆ, ಆದರೆ ಕಣಜಕ್ಕೆ ಏನೂ ಆಗುವುದಿಲ್ಲ.

ಹಳೆ ಕೈಪಿಡಿಗಳಲ್ಲಿ ತೂತಿಗೆ ಡೈಕ್ಲೋರ್ವಾಸ್ ಹತ್ತಿ ತುರುಕಿ ಮಣ್ಣು ಮೆತ್ತಿ ಅಂತ ಇದೆ. ಅದು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಪೂರ್ತಿ ನಿಷೇಧ. ಯಾರಾದರೂ ಹಳೆ ಬಾಟಲಿ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ತೂತಿಗೆ ಹಾಕುವ ಯಾವುದೇ ಔಷಧವನ್ನು ಆ ಬೆಳೆಗೆ ಅನುಮತಿ ಇದೆಯೇ ಎಂದು ಡಬ್ಬಿಯ ಮೇಲೆ ಓದಿಯೇ ಹಾಕಿ. ದ್ರಾಕ್ಷಿ ರಫ್ತಿಗೆ ಹೋಗುವುದಿದ್ದರೆ ಇನ್ನೂ ಜೋಪಾನ. ಒಂದು ಒಳ್ಳೆಯದಿದೆ. ತೂತಿನೊಳಗೆ ಹಾಕಿ ಮುಚ್ಚಿದ ಔಷಧ ಹೊರಗಿನ ಕಣಜಕ್ಕೆ ತಾಗುವುದಿಲ್ಲ. ಇಡೀ ಕಾಂಡ ತೋಯಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಹುಳ ಕೊಲ್ಲುವ ಸೂಕ್ಷ್ಮ ಜಂತು, ಹೆಟೆರೊರಾಬ್ಡೈಟಿಸ್ ಇಂಡಿಕಾ, ನನಗೆ ಕಣಜದ ಜೋಡಿಯಂತೆ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಗೊಣ್ಣೆ ಹುಳಕ್ಕೆಂದು ಇದರ ಪುಡಿ ತಯಾರಿಸಿದೆ. ನೀರಿನಲ್ಲಿ ಕಲೆಸಿ ಸಿರಿಂಜಿನಿಂದ ಸುರಂಗಕ್ಕೆ ಬಿಟ್ಟರೆ ಹಸಿ ಹುಡಿಯಲ್ಲಿ ಈಜಿ ಹುಳದವರೆಗೆ ಹೋಗುತ್ತದೆ. ಸೂಜಿ ಮುಟ್ಟದ ಆಳಕ್ಕೆ ಇದು ಮುಟ್ಟುತ್ತದೆ. ಒಣ ಸುರಂಗದಲ್ಲಿ ಮಾತ್ರ ಸಾಯುತ್ತದೆ. ಹಾಗಾಗಿ ಸೆಲೊಸ್ಟರ್ನಾಕ್ಕೆ ನೋಡಬಹುದು, ಒಣ ಹುಡಿ ತುಂಬಿ ಕೂರುವ ಸ್ಟ್ರೊಮಾಟಿಯಮ್‌ಗೆ ಬೇಡ.

ಸುಡುವುದೋ, ಡ್ರಮ್ಮಿಗೆ ಹಾಕುವುದೋ

ಹುಳ ಹಿಡಿದ ಕಾಂಡ ಕಡಿದ ಮೇಲೆ ಎಲ್ಲರೂ ಸುಡು ಅನ್ನುತ್ತಾರೆ. ನಾನೂ ಸುಡುತ್ತಿದ್ದೆ. ಮೂರು ವರ್ಷದ ಹಿಂದೆ ಒಂದು ತುಂಡು ಸೀಳಿದಾಗ ಸುರಂಗದಲ್ಲಿ ದುಂಬಿಯ ಮರಿ ಇರಲಿಲ್ಲ. ಒಣಗಿದ ಚರ್ಮ, ಅದರ ಪಕ್ಕ ಕಂದು ಕಾಗದದಂಥ ನಾಲ್ಕು ಸಣ್ಣ ಗೂಡು. ಕಣಜದ ಕೋಶ. ಅಂದರೆ ಇಷ್ಟು ವರ್ಷ ಹುಳದ ಜೊತೆಗೆ ಅದನ್ನು ಕೊಂದವರನ್ನೂ ಸುಟ್ಟಿದ್ದೆ.

ಆಮೇಲೆ ಒಂದು ಹಳೆ ಡ್ರಮ್ಮಿಗೆ ಕಡಿದ ಬುಡಗಳನ್ನು ಹಾಕಿ, ಬಾಯಿಗೆ 3 ಮಿ.ಮೀ. ಕಣ್ಣಿನ ಕಬ್ಬಿಣದ ಜಾಳಿಗೆ ಬಿಗಿದೆ. ಕಣಜ ಆ ಕಣ್ಣಿನಿಂದ ಹಾರಿ ಹೋಗುತ್ತದೆ. ಸೆಲೊಸ್ಟರ್ನಾ ಒಂದು ಸೆಂಟಿಮೀಟರ್ ಅಗಲದ ದುಂಬಿ, ಸ್ಟ್ರೊಮಾಟಿಯಮ್ ಅದರ ಅರ್ಧ. ಎರಡೂ ಒಳಗೇ ಉಳಿಯುತ್ತವೆ. ಡ್ರಮ್ಮನ್ನು ಬೇವಿನ ನೆರಳಿಗೆ ಇಟ್ಟು, ಮೇಲೆ ಮಳೆ ಬೀಳದಂತೆ ತಗಡು, ಕೆಳಗೆ ಕಲ್ಲು, ಕಲ್ಲಿಗೆ ಇರುವೆ ಹತ್ತದಂತೆ ಗ್ರೀಸ್. ಮೊದಲ ವರ್ಷ ಜಾಳಿಗೆ ಸರಿ ಬಿಗಿದಿರಲಿಲ್ಲ. ಆರೇಳು ದುಂಬಿ ನನ್ನ ಪಡಕ್ಕೇ ಹೋದವು. ಹೆಂಡತಿ ಇನ್ನೂ ಅದನ್ನು ಎತ್ತಿ ಆಡುತ್ತಾಳೆ.

ಸುಡುವುದು ಯಾವಾಗ ಸರಿ? ದಾಳಿಂಬೆಯ ಗುಂಡಿನ ತೂತಿನ ದುಂಬಿಗೆ ಡ್ರಮ್ಮು ಬೇಡವೇ ಬೇಡ. ಅದು ಯಾವ ಜಾಳಿಗೆಯಿಂದಲೂ ಪಾರಾಗುವಷ್ಟು ಸಣ್ಣದು. ಜಾಳಿಗೆ ನೋಡಿಕೊಳ್ಳಲು ಪುರುಸೊತ್ತು ಇಲ್ಲದವರೂ ಸುಡುವುದೇ ಒಳ್ಳೆಯದು. ಸ್ಟ್ರೊಮಾಟಿಯಮ್ ಒಣ ಕಟ್ಟಿಗೆಯಲ್ಲೂ ಬಹಳ ಕಾಲ ಬದುಕುತ್ತದೆ. ಎರಡು ತಿಂಗಳಾಯಿತು ಅಂತ ಡ್ರಮ್ಮು ಬರಿದು ಮಾಡಿ ಆ ಕಟ್ಟಿಗೆಯನ್ನು ಒಲೆಯ ಪಕ್ಕ ಪೇರಿಸಿದರೆ ಮನೆಯ ಬಾಗಿಲ ಚೌಕಟ್ಟಿಗೇ ಹುಳ ಕರೆದ ಹಾಗೆ. ಎರಡು ಮಳೆಗಾಲ ಮುಚ್ಚಿಡಿ, ಆಮೇಲೆ ಒಲೆಗೆ ಹಾಕಿ.

ಕಾಕಾ ಈಗ ತಮ್ಮದೂ ಒಂದು ಡ್ರಮ್ಮು ತಂದಿದ್ದಾರೆ. ಜಾಳಿಗೆ ಇನ್ನೂ ಬಂದಿಲ್ಲ. ಜೂನ್ ಮೊದಲ ಮಳೆಗೆ ಮುಂಚೆ ಬಿಗಿಯಬೇಕು ಅಂತ ದಿನಾ ಹೇಳುತ್ತಿದ್ದೇನೆ.